ಶರಾವತಿಯಿಂದ 30 ಟಿಎಂಸಿ: ಮಳೆಗಾಲದ ಲೆಕ್ಕ, ಬೇಸಿಗೆಯ ಲೆಕ್ಕ

2019ರ ಜೂನ್ ತಿಂಗಳು. ಮುಂಗಾರು ತಡವಾಗಿತ್ತು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದ ಹಿನ್ನೀರು ಇಳಿದು ದಂಡೆಯ ಕೆಂಪು ಮಣ್ಣು ಬಿರಿದುಕೊಂಡಿತ್ತು. ಅದೇ ಹೊತ್ತಿಗೆ ಬೆಂಗಳೂರಿನಿಂದ ಸುದ್ದಿ ಬಂತು. ಲಿಂಗನಮಕ್ಕಿಯಿಂದ ರಾಜಧಾನಿಗೆ ಕುಡಿಯುವ ನೀರು ತರಲು ವಿಸ್ತೃತ ಯೋಜನಾ ವರದಿ ಮಾಡಿ ಎಂದು ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅಧಿಕಾರಿಗಳಿಗೆ ಹೇಳಿದ್ದರು. ಮೊದಲ ಹಂತದಲ್ಲಿ 30 ಟಿಎಂಸಿ. ಯೋಚನೆ ಹೊಸದೇನಲ್ಲ. ಬೆಂಗಳೂರಿನ ಮುಂದಿನ ನೀರಿನ ಬೇಡಿಕೆ ನೋಡಲು ನೇಮಿಸಿದ್ದ ಬಿ.ಎನ್. ತ್ಯಾಗರಾಜ ಅವರ ತಜ್ಞರ ಸಮಿತಿ ಇದನ್ನು ಮೊದಲೇ ಶಿಫಾರಸು ಮಾಡಿತ್ತು.

ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗದಲ್ಲಿ ಜನ ಬೀದಿಗಿಳಿದರು. ಜುಲೈ 10ಕ್ಕೆ ಇಡೀ ಜಿಲ್ಲೆ ಬಂದ್ ಆಯಿತು. ಅಡಿಕೆ ಬೆಳೆಗಾರರು, ಸಾಹಿತಿಗಳು, ವಿದ್ಯಾರ್ಥಿಗಳು, ಅಂಗಡಿಯವರು, ಬೇರೆ ಬೇರೆ ಪಕ್ಷದವರು ಒಟ್ಟಿಗೆ ನಿಂತರು. ಮಲೆನಾಡಿನಲ್ಲಿ ಹೀಗೆ ಎಲ್ಲರೂ ಒಂದಾಗುವುದು ಅಪರೂಪ. ಯೋಜನೆ ಹಿಂದೆ ಸರಿಯಿತು. ಆದರೆ ಸತ್ತಿಲ್ಲ. ಬೆಂಗಳೂರಿನಲ್ಲಿ ನೀರಿನ ತಾಪತ್ರಯ ಜೋರಾದಾಗಲೆಲ್ಲ ಶರಾವತಿಯ ಹೆಸರು ಮತ್ತೆ ಕೇಳಿಬರುತ್ತದೆ.

ಆ ಹೋರಾಟದಲ್ಲಿ ಭಾವನೆ ಇತ್ತು, ಇರಬೇಕಾದದ್ದೇ. ಆದರೆ ಮುಂದಿನ ಸಲ ಭಾವನೆಯ ಜೊತೆ ಲೆಕ್ಕವೂ ನಮ್ಮ ಕೈಯಲ್ಲಿರಬೇಕು ಅನ್ನೋದು ನನ್ನ ಅಭಿಪ್ರಾಯ. ಅದಕ್ಕೇ ಈ ಪ್ರಕರಣವನ್ನು ಬಿಡಿಸಿ ನೋಡುವ ಪ್ರಯತ್ನ ಮಾಡಿದ್ದೇನೆ. ನಾನು ಹೇಳಬೇಕಾದದ್ದು ಒಂದೇ. ಶರಾವತಿಯ ನೀರನ್ನು ಇಡೀ ವರ್ಷದ ಮೊತ್ತವಾಗಿ ನೋಡಿದರೆ ಎಲ್ಲರಿಗೂ ಸಾಕಾಗಿ ಮಿಗುವಷ್ಟು ಕಾಣುತ್ತದೆ. ತಿಂಗಳು ತಿಂಗಳು ನೋಡಿದರೆ, ಅದರಲ್ಲೂ ಫೆಬ್ರವರಿಯಿಂದ ಮೇವರೆಗೆ ನೋಡಿದರೆ, ಚಿತ್ರವೇ ಬೇರೆ.

ಈ ನೀರು ಈಗ ಏನು ಮಾಡುತ್ತಿದೆ

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸಮುದ್ರ ಸೇರುವುದು ಹೊನ್ನಾವರದಲ್ಲಿ. ನಡುವೆ ಇರುವುದು ಬರೀ 130 ಕಿಲೋಮೀಟರ್ ಆಸುಪಾಸಿನ ದಾರಿ. ಇಷ್ಟು ಚಿಕ್ಕ ನದಿಯ ಮೇಲೆ ನಾವು ಹೇರಿರುವ ಕೆಲಸ ಮಾತ್ರ ಚಿಕ್ಕದಲ್ಲ.

1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. ಈಗ ಅದಕ್ಕೆ ಮಹಾತ್ಮ ಗಾಂಧಿ ಹೆಸರಿದೆ, ಸಾಮರ್ಥ್ಯ 139.2 ಮೆಗಾವಾಟ್. ಅದಕ್ಕೆ ನೀರು ಕೊಡಲು ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ನೀರು ತುಂಬಿದರೆ ತಾನಾಗಿಯೇ ಸೆಳೆದು ಹೊರಹಾಕುವ ಸೈಫನ್‌ಗಳು ಅದರಲ್ಲಿದ್ದವು. 1964ರಲ್ಲಿ ಲಿಂಗನಮಕ್ಕಿ ಬಂದಾಗ ಆ ಅಣೆಕಟ್ಟೇ ಮುಳುಗಿತು. ನೀರು ತೀರಾ ಇಳಿದ ವರ್ಷ ಅದು ಇಡಿಯಾಗಿ ಎದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಇಷ್ಟು ವರ್ಷ ನೀರಿನಡಿ ಇದ್ದರೂ ಕಲ್ಲುಗಾರೆ ಗಟ್ಟಿಯಾಗಿದೆ.

ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಸಂಗ್ರಹ ಸಾಮರ್ಥ್ಯ 150 ಟಿಎಂಸಿಗೂ ಜಾಸ್ತಿ. ಮುಳುಗಡೆಯಾದದ್ದು ಸುಮಾರು 300 ಚದರ ಕಿಲೋಮೀಟರ್. ಇಲ್ಲಿಂದ ನೀರು ತಳಕಳಲೆಗೆ, ಅಲ್ಲಿಂದ ಘಟ್ಟದ ಕೆಳಗಿನ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಹೋಗುತ್ತದೆ. ಅಲ್ಲಿಂದ ಹೊರಬಿದ್ದ ನೀರನ್ನು ಗೇರುಸೊಪ್ಪೆಯಲ್ಲಿ ಮತ್ತೆ ತಡೆದು ಇನ್ನೂ 240 ಮೆಗಾವಾಟ್. ಇಷ್ಟು ಸಾಲದೆ ಪಕ್ಕದ ಚಕ್ರಾ, ಸಾವೇಹಕ್ಲು ಜಲಾಶಯಗಳ ನೀರನ್ನೂ ಲಿಂಗನಮಕ್ಕಿಗೆ ತಿರುಗಿಸಲಾಗಿದೆ. ಅಂದರೆ ಜಲಾಶಯದಲ್ಲಿ ಕಾಣುವ ನೀರಷ್ಟೂ ಶರಾವತಿಯ ಸ್ವಂತದ್ದಲ್ಲ.

ಈ ನೀರಿನ ವಿದ್ಯುತ್ತಿಗೆ ಒಂದು ವಿಶೇಷವಿದೆ. ಸಂಜೆ ಮನೆಮನೆಯಲ್ಲಿ ದೀಪ, ಫ್ಯಾನು, ಮಿಕ್ಸಿ ಒಟ್ಟಿಗೆ ಹತ್ತಿದಾಗ ಬೇಡಿಕೆ ಒಮ್ಮೆಗೇ ಏರುತ್ತದೆ. ಕಲ್ಲಿದ್ದಲಿನ ಸ್ಥಾವರವನ್ನು ಹಾಗೆ ತಟ್ಟನೆ ಏರಿಸಿ ಇಳಿಸಲು ಆಗುವುದಿಲ್ಲ. ನೀರಿನ ಟರ್ಬೈನ್ ಕೆಲವೇ ನಿಮಿಷದಲ್ಲಿ ತಯಾರು. ಬಿಸಿಲು ಮುಳುಗಿದ ಮೇಲೆ ಸೌರ ವಿದ್ಯುತ್ ನಿಲ್ಲುವ ಈ ಕಾಲದಲ್ಲಿ ಅದರ ಬೆಲೆ ಇನ್ನೂ ಜಾಸ್ತಿಯಾಗಿದೆ. ಹಾಗಾಗಿ ಲಿಂಗನಮಕ್ಕಿಯಲ್ಲಿ ಮೇ ತಿಂಗಳಿಗೆ ಉಳಿದ ನೀರು ಸುಮ್ನೆ ನಿಂತ ನೀರಲ್ಲ. ಇಡೀ ರಾಜ್ಯದ ಬೇಸಿಗೆಯ ಸಂಜೆಗಳನ್ನು ನಡೆಸುವ ನೀರು ಅದು.

30 ಟಿಎಂಸಿಯನ್ನು ತೂಗಿ ನೋಡಿದರೆ

ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, 2,832 ಕೋಟಿ ಲೀಟರ್. ಅಷ್ಟು ನೀರು ವರ್ಷವಿಡೀ ಸಮನಾಗಿ ಹರಿದರೆ ದಿನಕ್ಕೆ 7.76 ಕೋಟಿ ಲೀಟರ್ ಆಗುತ್ತದೆ. 30 ಟಿಎಂಸಿಯಾದರೆ ದಿನಕ್ಕೆ 230 ಕೋಟಿ ಲೀಟರಿಗೂ ಹೆಚ್ಚು. 2019ರಲ್ಲಿ ಬೆಂಗಳೂರಿಗೆ ಕಾವೇರಿಯಿಂದ ಬರುತ್ತಿದ್ದದ್ದು ದಿನಕ್ಕೆ ಸುಮಾರು 145 ಕೋಟಿ ಲೀಟರ್. ಕೇಳಿದ್ದು ಎಷ್ಟು ದೊಡ್ಡ ಪಾಲು ಅಂತ ಇದರಿಂದಲೇ ಗೊತ್ತಾಗುತ್ತದೆ.

ಇನ್ನು ವಿದ್ಯುತ್ತಿನ ಲೆಕ್ಕ. ತಳಕಳಲೆಯಿಂದ ವಿದ್ಯುದಾಗಾರಕ್ಕೆ ನೀರು ಸುಮಾರು 440 ಮೀಟರ್ ಬೀಳುತ್ತದೆ. ಶಾಲೆಯಲ್ಲಿ ಕಲಿತ ಸೂತ್ರದಲ್ಲೇ ಲೆಕ್ಕ ಹಾಕಿ, ಯಂತ್ರದ ದಕ್ಷತೆ ಶೇ 88 ಎಂದು ಹಿಡಿಯಿರಿ. ಒಂದು ಟಿಎಂಸಿಗೆ ಹತ್ತಿರ ಹತ್ತಿರ 3 ಕೋಟಿ ಯೂನಿಟ್ ಸಿಗುತ್ತದೆ. ಗೇರುಸೊಪ್ಪೆಯದ್ದು ಬೇರೆ. 30 ಟಿಎಂಸಿ ಕೈಬಿಟ್ಟರೆ 90 ಕೋಟಿ ಯೂನಿಟ್ ಹೋಯಿತು.

ಅಷ್ಟಕ್ಕೇ ಮುಗಿಯುವುದಿಲ್ಲ. ಲಿಂಗನಮಕ್ಕಿ ಇರುವುದು ಸಮುದ್ರ ಮಟ್ಟದಿಂದ 554 ಮೀಟರ್ ಎತ್ತರದಲ್ಲಿ. ಬೆಂಗಳೂರು 900 ಮೀಟರಿಗೂ ಮೇಲೆ. ಕಡಿಮೆ ಅಂದರೂ 350 ಮೀಟರ್ ಎತ್ತಬೇಕು. ಪಂಪಿನ ದಕ್ಷತೆ ಶೇ 80 ಎಂದುಕೊಂಡರೆ ಒಂದು ಟಿಎಂಸಿ ಎತ್ತಲು ಸುಮಾರು ಮೂರೂವರೆ ಕೋಟಿ ಯೂನಿಟ್ ಬೇಕು. ನೂರಾರು ಕಿಲೋಮೀಟರ್ ಕೊಳವೆಯೊಳಗಿನ ಘರ್ಷಣೆಗೆ ಆಗುವ ಖರ್ಚನ್ನು ನಾನು ಇದಕ್ಕೆ ಸೇರಿಸಿಲ್ಲ. 30 ಟಿಎಂಸಿಗೆ ನೂರು ಕೋಟಿ ಯೂನಿಟ್ ದಾಟುತ್ತದೆ. ಸಿಗಬೇಕಾದ 90 ಕೋಟಿ ಹೋಯಿತು, ಮೇಲಿಂದ 100 ಕೋಟಿ ಖರ್ಚಾಯಿತು. ವರ್ಷಕ್ಕೆ 190 ಕೋಟಿ ಯೂನಿಟ್‌ಗಳ ವ್ಯತ್ಯಾಸ. ಈ ಅಂಕಿ ಆಚೀಚೆ ಆಗಬಹುದು, ಆದರೆ ಅದರ ಗಾತ್ರ ಬದಲಾಗುವುದಿಲ್ಲ.

“ಗೇಟು ತೆಗೆದು ಸಮುದ್ರಕ್ಕೆ ಬಿಡ್ತೀರಲ್ಲ, ಅದನ್ನೇ ನಮಗೆ ಕೊಡಿ” ಎನ್ನುವ ಮಾತು ಆಗ ಬಹಳ ಕೇಳಿಬಂತು. ಕೇಳುವವರಿಗೆ ನ್ಯಾಯ ಅನಿಸುತ್ತದೆ. ಇದಕ್ಕೆ ಸರಿಯಾಗಿ ಉತ್ತರ ಕೊಡಬೇಕು. ಗೇಟು ತೆರೆಯುವುದು ಜಲಾಶಯ ತುಂಬಿದ ವರ್ಷ ಮಾತ್ರ, ಅದೂ ಮಳೆಗಾಲದ ಕೆಲವು ವಾರ. ಎಲ್ಲ ವರ್ಷವೂ ತುಂಬುವುದಿಲ್ಲ. ಕುಡಿಯುವ ನೀರಿನ ಕೊಳವೆಯಾದರೋ 365 ದಿನವೂ ಹರಿಯಬೇಕು. ವರ್ಷಕ್ಕೆ 30 ಟಿಎಂಸಿ ಎಳೆಯುವ ಕೊಳವೆ ಒಂದು ತಿಂಗಳಲ್ಲಿ ಎಳೆಯುವುದು ಎರಡೂವರೆ ಟಿಎಂಸಿ. ಗೇಟು ಇಡೀ ಒಂದು ತಿಂಗಳು ತೆರೆದಿದ್ದರೂ ಅಷ್ಟೇ. ಮಿಕ್ಕ ಇಪ್ಪತ್ತೇಳೂವರೆ ಟಿಎಂಸಿಯನ್ನು ಬೇರೆ ತಿಂಗಳುಗಳಲ್ಲಿ, ಕೂಡಿಟ್ಟ ನೀರಿನಿಂದಲೇ ತೆಗೆಯಬೇಕು. ಮುಂದಿನ ಮಳೆಗಾಲ ತುಂಬಿಕೊಡುತ್ತದೆ ಎಂಬ ನಂಬಿಕೆಯ ಮೇಲೆ ನಡೆಯುವ ವ್ಯವಹಾರ ಇದು. 2023ರಲ್ಲಿ ಮುಂಗಾರು ಕೈಕೊಟ್ಟಿತು. ಲಿಂಗನಮಕ್ಕಿ ತುಂಬಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದರು. ಆ ವರ್ಷ ಕೊಳವೆ ಇದ್ದಿದ್ದರೆ ಬೆಂಗಳೂರಿನ ನಲ್ಲಿ ನಿಲ್ಲಿಸಲು ಯಾವ ಸರ್ಕಾರಕ್ಕೂ ಧೈರ್ಯ ಬರುತ್ತಿರಲಿಲ್ಲ. ಇಳಿಯುತ್ತಿದ್ದದ್ದು ಹಿನ್ನೀರು.

ಬೆಂಗಳೂರಿನವರ ಬಾಯಾರಿಕೆಯನ್ನು ಹಗುರ ಮಾಡಿ ಇದನ್ನೆಲ್ಲ ಹೇಳುತ್ತಿಲ್ಲ. ನಮ್ಮ ಮಕ್ಕಳೇ ಅಲ್ಲಿದ್ದಾರೆ. ಮಲೆನಾಡಿನ ಅರ್ಧಕ್ಕರ್ಧ ಮನೆಗಳಲ್ಲಿ ಈಗ ವಯಸ್ಸಾದವರು ಮಾತ್ರ, ಅಲ್ವಾ? ಆದರೆ ಆ ಊರಿನ ಮೇಲೂ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಪಾಲಿಕೆಯ ಹಳೆಯ ವ್ಯಾಪ್ತಿ ಸುಮಾರು 740 ಚದರ ಕಿಲೋಮೀಟರ್. ಎರಡನ್ನೂ ಗುಣಿಸಿದರೆ 25 ಟಿಎಂಸಿ. ಅಷ್ಟನ್ನೂ ಹಿಡಿಯಲು ಸಾಧ್ಯವಿಲ್ಲ ನಿಜ. ಕಾಲುಭಾಗ ಹಿಡಿದರೂ ಆರು ಟಿಎಂಸಿ ದಾಟುತ್ತದೆ. ಜೊತೆಗೆ ಬಳಸಿ ಬಿಟ್ಟ ನೀರಿದೆ. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಕೋಲಾರದ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ಕಣ್ಣೆದುರಿಗೇ ನಡೆಯುತ್ತಿದೆ. ಅದರ ಶುದ್ಧೀಕರಣ ಇನ್ನೂ ಚೆನ್ನಾಗಿ ಆಗಬೇಕು ಎಂಬ ಕೋಲಾರದವರ ದೂರು ಸರಿಯಾದದ್ದೇ. ಆದರೂ ದಾರಿ ಅದೇ. ದೂರದ ಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಗೆ ಒಮ್ಮೆ 12,912 ಕೋಟಿ ರೂಪಾಯಿ ಅಂದರು, ಆಮೇಲೆ 23,251 ಕೋಟಿಗೆ ಏರಿತು. ಅದನ್ನು ನೋಡಿಯಾದರೂ ಕಲಿಯಬೇಕು.

ಹಳ್ಳ ಬತ್ತುವ ತಿಂಗಳು

ಮೇಲಿನ ಲೆಕ್ಕ ಎಂಜಿನಿಯರ್‌ಗಳ ಮೇಜಿನ ಮೇಲೆ ನಡೆಯುವಂಥದ್ದು. ಪ್ರಕರಣದ ಜೀವ ಇರುವುದು ಜಲಾಶಯದ ಮೇಲ್ಭಾಗದಲ್ಲಿ, ಅದಕ್ಕೆ ನೀರು ತರುವ ನೂರಾರು ಹಳ್ಳಗಳಲ್ಲಿ.

ಘಟ್ಟದ ಅಂಚಿನ ಊರುಗಳಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ದಾಟಿ ಮಳೆ ಬರುತ್ತದೆ. ಪೂರ್ವಕ್ಕೆ ಸರಿದಂತೆ 2,000ಕ್ಕಿಂತ ಕೆಳಗಿಳಿಯುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಹಳ್ಳ ಹರಿಯಬೇಕಾದರೆ ಗುಡ್ಡ ನೀರು ಹಿಡಿದಿಟ್ಟು ನಿಧಾನ ಬಿಡಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಈ ನದಿ ಕಣಿವೆಗಳಲ್ಲಿ ವರ್ಷಗಟ್ಟಲೆ ಹಳ್ಳಗಳನ್ನು ಅಳೆದಿದ್ದಾರೆ. ಅವರು ಕಂಡುಕೊಂಡದ್ದು ಮಲೆನಾಡಿನ ಹಿರಿಯರಿಗೆ ಗೊತ್ತಿದ್ದದ್ದೇ, ಆದರೆ ಈಗ ಅಳತೆ ಸಿಕ್ಕಿದೆ. ಹಳ್ಳದ ಜಲಾನಯನದಲ್ಲಿ ಶೇ 60ಕ್ಕಿಂತ ಹೆಚ್ಚು ಸಹಜ ಕಾಡಿದ್ದರೆ ಅದು ಹನ್ನೆರಡು ತಿಂಗಳೂ ಹರಿಯುತ್ತದೆ. ಒಂದೇ ಜಾತಿಯ ನೆಡುತೋಪು ತುಂಬಿದಲ್ಲಿ ಆರು ತಿಂಗಳಿನ ಆಸುಪಾಸು. ಕಾಡು ಬಹುಪಾಲು ಹೋದಲ್ಲಿ ನಾಲ್ಕೇ ತಿಂಗಳು, ಅಂದರೆ ಮಳೆ ನಿಂತ ಕೂಡಲೇ ಹಳ್ಳವೂ ನಿಂತ ಹಾಗೆ. ಆಚೀಚೆ ಗುಡ್ಡಗಳಿಗೆ ಬೀಳುವ ಮಳೆ ಒಂದೇ. ವ್ಯತ್ಯಾಸ ನೆಲದ್ದು.

ಒಂದು ಕಾನಿನೊಳಗೆ, ಅಂದರೆ ಊರವರು ಹಿಂದಿನಿಂದ ಕಾಯ್ದುಕೊಂಡ ದಟ್ಟ ಸಹಜ ಕಾಡಿನೊಳಗೆ, ಏಪ್ರಿಲ್‌ನಲ್ಲಿ ಹೋಗಿ ನೋಡಿ. ಕಾಲಿಟ್ಟರೆ ಎಲೆಯ ಹಾಸಿನಲ್ಲಿ ಪಾದ ಹೂತುಕೊಳ್ಳುತ್ತದೆ. ಮೇಲಿನ ಎಲೆ ಒಣಗಿ ಗರಗರ ಅನ್ನುತ್ತದೆ. ಕೈಯಲ್ಲಿ ಸರಿಸಿದರೆ ಕೆಳಗೆ ಅರ್ಧ ಕೊಳೆತ ಕಪ್ಪು ಎಲೆ, ಅದಕ್ಕೂ ಕೆಳಗೆ ಒದ್ದೆ ಮಣ್ಣು, ಮಣ್ಣಿನ ತುಂಬ ಬಿಳಿ ಬೂಷ್ಟಿನ ಎಳೆ, ಎರೆಹುಳದ ಗೂಡು, ಸತ್ತ ಬೇರು ಬಿಟ್ಟುಹೋದ ತೂತುಗಳು. ಮಳೆಗಾಲದಲ್ಲಿ ನೀರು ಇಳಿಯುವುದು ಈ ತೂತುಗಳಲ್ಲೇ. ಹತ್ತು ಹೆಜ್ಜೆ ಆಚೆ, ಅಕೇಶಿಯಾ ತೋಪಿನಲ್ಲಿ ಇದೇ ಕೆಲಸ ಮಾಡಿ ನೋಡಿ. ಎಲೆ ಕುಡುಗೋಲಿನ ಹಾಗೆ ಬಾಗಿ ಒಣಗಿ ಬಿದ್ದಿರುತ್ತದೆ, ಬೇಗ ಕೊಳೆಯುವುದಿಲ್ಲ. ಅಡಿಯಲ್ಲಿ ಗಿಡಗಂಟಿ ಕಡಿಮೆ. ಸರಿಸಿದರೆ ಸಿಗುವುದು ಗಟ್ಟಿ ಜಂಬಿಟ್ಟಿಗೆ ನೆಲ. ಅಲ್ಲಿ ಬಿದ್ದ ಮಳೆ ಇಂಗುವುದಕ್ಕಿಂತ ಮೊದಲೇ ಇಳಿಜಾರು ಹಿಡಿದು ಓಡುತ್ತದೆ, ಜೊತೆಗೆ ಮಣ್ಣನ್ನೂ ಒಯ್ಯುತ್ತದೆ. ಆ ಮಣ್ಣು ಕೊನೆಗೆ ಸೇರುವುದು ಲಿಂಗನಮಕ್ಕಿಯ ತಳಕ್ಕೆ.

ಈ ತೋಪುಗಳು ತಾವಾಗಿ ಬಂದಿಲ್ಲ. 1980ರಲ್ಲಿ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಶಿವಮೊಗ್ಗ ಸೀಮೆಯ 20,000 ಹೆಕ್ಟೇರಿಗೂ ಹೆಚ್ಚು ಅರಣ್ಯ ಭೂಮಿಯನ್ನು ನಲವತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟರು. ನೀಲಗಿರಿ, ಅಕೇಶಿಯಾ ಬೆಳೆದವು. ಕಾರ್ಖಾನೆ ಕಾಗದ ತಯಾರಿಕೆ ನಿಲ್ಲಿಸಿತು, ತೋಪು ಹಾಗೇ ಉಳಿಯಿತು. 2020ರಲ್ಲಿ ಗುತ್ತಿಗೆ ಮುಗಿದಾಗ ಸರ್ಕಾರ ಅದನ್ನು ಮತ್ತೆ ನಲವತ್ತು ವರ್ಷಕ್ಕೆ ಮುಂದುವರಿಸಲು ಹೊರಟಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೋರಾಟ ಹುಟ್ಟಿದ್ದು ಆಗ. 30 ಟಿಎಂಸಿ ವಿರುದ್ಧದ ಹೋರಾಟ ಮತ್ತು ಅಕೇಶಿಯಾ ವಿರುದ್ಧದ ಹೋರಾಟ ಎರಡೂ ಒಂದೇ ನೀರಿನ ಬಗ್ಗೆ ನಡೆದಂಥವು. ನಾವು ಅವನ್ನು ಬೇರೆ ಬೇರೆ ವೇದಿಕೆಗಳಲ್ಲಿ ಮಾಡಿದೆವು. ಒಟ್ಟಿಗೆ ಮಾಡಬೇಕಿತ್ತು ಅಂತ ನನಗೆ ಅನಿಸುತ್ತದೆ.

ಸರ್ಕಾರದ ಕಡೆಗೇ ಬೆರಳು ತೋರಿಸಿದರೆ ಮಾತು ಅರ್ಧವಾಗುತ್ತದೆ. ಅಡಿಕೆಗೆ ಬೆಲೆ ಬಂದ ಮೇಲೆ ತೋಟ ಕಣಿವೆ ಬಿಟ್ಟು ಗುಡ್ಡ ಹತ್ತಿತು. ತೋಟಕ್ಕೆ ಸೊಪ್ಪು ಕೊಡುತ್ತಿದ್ದ ಸೊಪ್ಪಿನ ಬೆಟ್ಟ ಬೋಳಾಯಿತು. ಹುಲ್ಲು ಬೆಳೆಯುವ ಬ್ಯಾಣದಲ್ಲಿ ಜೆಸಿಬಿ ಓಡಾಡಿತು. ದರೆ ಕಡಿದು ಸಮತಟ್ಟು ಮಾಡಿದಲ್ಲಿ ಕೊಳವೆಬಾವಿ ಬಂತು. ಮೊದಲು ಗುಡ್ಡದ ಅಬ್ಬಿಯ ನೀರು ಸೀಳಿದ ಅಡಿಕೆ ಮರದ ದಂಬೆಯಲ್ಲಿ ಮನೆ ಹಿತ್ತಿಲಿಗೆ ತಾನಾಗಿ ಬರುತ್ತಿತ್ತು. ಈಗ ಅದೇ ಮನೆಯಲ್ಲಿ ಕರೆಂಟು ಹೋದರೆ ನೀರಿಲ್ಲ. ಹೊಸನಗರದ ಕಡೆಯ ಒಂದು ತೋಟದ ಹಿರಿಯರನ್ನು ಕೇಳಿದೆ: “ಈ ಹಳ್ಳ ಎಲ್ಲಿವರೆಗೆ ಹರಿಯುತ್ತೆ ಅಜ್ಜಾ?” ಅವರು ಹಳ್ಳದ ಕಡೆ ನೋಡದೆಯೇ ಹೇಳಿದರು: “ಮೊದ್ಲೆಲ್ಲ ಮುಂದಿನ ಮಳೆ ಬರೋವರೆಗೂ ಇರ್ತಿತ್ತು ಮಾರಾಯ. ಈಗ ಶಿವರಾತ್ರಿ ದಾಟಿದ್ರೆ ಪುಣ್ಯ.”

ಹಿಂದಿನವರು ಕಾನನ್ನು ಬಿಟ್ಟದ್ದು ಸುಮ್ನೆ ಅಲ್ಲ. ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳಿದ್ದವು ಎಂದು 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ವರದಿ ಬರೆದಿದ್ದಾರೆ. ಮೇಲೆ ಕಾನು, ಅದರ ಬುಡದಲ್ಲಿ ಕೆರೆ, ಕೆರೆಯ ಕೆಳಗೆ ತೋಟ ಗದ್ದೆ. ಇವತ್ತಿಗೂ ಸೊರಬದಲ್ಲಿ ಈ ಸಾಲು ಉಳಿದ ಊರುಗಳಿವೆ. ಕಾನಿನಲ್ಲಿ ಕಾಳುಮೆಣಸು, ವಾಟೆಹುಳಿ, ದಾಲ್ಚಿನ್ನಿ ಸಿಗುತ್ತಿತ್ತು, ದೇವರೂ ಇರುತ್ತಿತ್ತು. ನೀರು, ಆದಾಯ, ಭಕ್ತಿ ಮೂರೂ ಸೇರಿ ಕಾನನ್ನು ಕಾಯುತ್ತಿದ್ದವು. ಇವತ್ತು ಮೂರರಲ್ಲಿ ಒಂದನ್ನಾದರೂ ಗಟ್ಟಿ ಮಾಡದೆ ಬರೀ ‘ಕಾಡು ಉಳಿಸಿ’ ಅಂದರೆ ಉಳಿಯುವುದಿಲ್ಲ.

ಇನ್ನೊಂದು ಜಾಗದ ಹೆಸರು ಹೇಳಲೇಬೇಕು. ಜೋಗದಿಂದ ದೂರವಿಲ್ಲದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಜವುಗು ಕಾಡು ಅದು. ಮರಗಳು ಕೆಸರಿನಲ್ಲಿ ಉಸಿರಾಡಲು ಮಡಚಿದ ಮೊಣಕಾಲಿನಂಥ ಬೇರುಗಳನ್ನು ಮೇಲೆ ಚಾಚಿಕೊಂಡಿವೆ. ಹರಿವು ನಿಂತರೆ ಈ ಮರಗಳಿಗೆ ಹೋಗಲು ಬೇರೆ ಜಾಗವಿಲ್ಲ. ಸಿಂಗಳೀಕಗಳೂ ಇದೇ ಕಾಡುಗಳನ್ನು ನಂಬಿವೆ. 2019ರಲ್ಲೇ ಶರಾವತಿ ಕಣಿವೆಯ ಸುಮಾರು 930 ಚದರ ಕಿಲೋಮೀಟರ್ ಪ್ರದೇಶವನ್ನು ಸಿಂಗಳೀಕ ಅಭಯಾರಣ್ಯ ಎಂದು ಸೇರಿಸಿ ಘೋಷಿಸಿದರು.

ಅಳಿವೆಯಲ್ಲಿ ಸಿಗದ ಬೆಳಚು

‘ನದಿ ನೀರು ಸಮುದ್ರಕ್ಕೆ ಹೋಗಿ ದಂಡ’ ಎನ್ನುವವರು ಹೊನ್ನಾವರದ ಮೀನುಗಾರರ ಹತ್ತಿರ ಒಮ್ಮೆ ಮಾತಾಡಬೇಕು. ಅವರ ಕಷ್ಟ ನಾವು ಊಹಿಸುವ ಥರದ್ದಲ್ಲ. ಶರಾವತಿ ಸಮುದ್ರ ಸೇರುವ ಅಳಿವೆಗೆ ಬೇಸಿಗೆಯಲ್ಲಿ ಸಿಹಿನೀರು ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ.

ಅಣೆಕಟ್ಟು ಇಲ್ಲದ ಕಾಲದಲ್ಲಿ ಬೇಸಿಗೆ ಬಂದರೆ ನದಿ ಸಣ್ಣದಾಗುತ್ತಿತ್ತು, ಭರತದ ಉಪ್ಪುನೀರು ಒಳಗೆ ನುಗ್ಗುತ್ತಿತ್ತು. ಬೆಳಚು ಎಂಬ ತಿನ್ನುವ ಚಿಪ್ಪಿ, ಕಲ್ಲಿಗೆ ಅಂಟುವ ಬೇರೆ ಚಿಪ್ಪಿಗಳು ಆ ಉಪ್ಪಿನಲ್ಲಿ ಬೆಳೆಯುತ್ತಿದ್ದವು. ಈಗ ವಿದ್ಯುತ್ತಿಗಾಗಿ ವರ್ಷವಿಡೀ ನೀರು ಬಿಡುವುದರಿಂದ ಬೇಸಿಗೆಯಲ್ಲೂ ಅಳಿವೆ ಸಪ್ಪೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟು ಇಲ್ಲ. ಅಲ್ಲಿ ಸಾವಿರಾರು ಜನ ಚಿಪ್ಪಿ ಹೆಕ್ಕಿ ಜೀವನ ಮಾಡುತ್ತಾರೆ. ಅದರಲ್ಲಿ ಹೆಂಗಸರ ಪಾಲು ದೊಡ್ಡದು. ಶರಾವತಿಯಲ್ಲಿ ಚಿಪ್ಪಿ ಹೆಚ್ಚುಕಡಿಮೆ ಇಲ್ಲವಾಗಿರುವುದನ್ನು ವಿಜ್ಞಾನ ಸಂಸ್ಥೆಯ ಅಧ್ಯಯನಗಳು ಎರಡೂ ನದಿಗಳನ್ನು ಹೋಲಿಸಿ ತೋರಿಸಿವೆ.

ನದಿಗೆ ಎಷ್ಟು ನೀರು ಬಿಡುತ್ತೇವೆ ಅನ್ನುವಷ್ಟೇ ಮುಖ್ಯ ಯಾವಾಗ ಬಿಡುತ್ತೇವೆ ಅನ್ನೋದು. ಲಿಂಗನಮಕ್ಕಿಯ ಮೇಲಿನ ಹಳ್ಳಗಳಿಗೆ ಬೇಸಿಗೆಯಲ್ಲಿ ನೀರು ಬೇಕು, ಸಿಗುತ್ತಿಲ್ಲ. ಜಲಾಶಯ ಮತ್ತು ಜೋಗದ ನಡುವಿನ ನದಿಪಾತ್ರದಲ್ಲಿ ನೀರಿಗಿಂತ ಬಂಡೆಗಳೇ ಜಾಸ್ತಿ. ಕೆಳಗೆ ಅಳಿವೆಗೆ ಬೇಸಿಗೆಯಲ್ಲಿ ಬೇಡವಾದಷ್ಟು ಸಿಹಿನೀರು ಬರುತ್ತಿದೆ. ಒಂದೇ ನದಿ, ಮೂರು ಕಡೆ ಮೂರು ಥರದ ತೊಂದರೆ. ವರ್ಷದ ಮೊತ್ತ ನೋಡಿದರೆ ಈ ಮೂರರಲ್ಲಿ ಒಂದೂ ಕಾಣುವುದಿಲ್ಲ.

ಹಿನ್ನೀರಿನ ಜನ

ಹಿನ್ನೀರಿನ ಆಚೆ ತುಮರಿ, ಕರೂರು, ಬಾರಂಗಿ ಸೀಮೆ. 1960ರ ದಶಕದಲ್ಲಿ ಇಲ್ಲಿಂದ ಎದ್ದು ಹೋದ ಸಾವಿರಾರು ಕುಟುಂಬಗಳಲ್ಲಿ ಎಷ್ಟೋ ಕುಟುಂಬಗಳಿಗೆ ಕೊಟ್ಟ ಜಮೀನಿನ ಹಕ್ಕುಪತ್ರದ ತಕರಾರು ಇವತ್ತಿಗೂ ಬಗೆಹರಿದಿಲ್ಲ. ಉಳಿದವರು ದಶಕಗಳ ಕಾಲ ಲಾಂಚ್ ನಂಬಿ ಬದುಕಿದರು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೂ ತೊಂದರೆ, ಹೆರಿಗೆಗೆ ಹೊರಟವರಿಗೂ ತೊಂದರೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈಯಲ್ಲಿ.

ರಸ್ತೆ ಬಂತು, ಕುಡಿಯುವ ನೀರು ಪೂರ್ತಿ ಬಂದಿಲ್ಲ. ಹಿನ್ನೀರಿನ ದಂಡೆಯಲ್ಲೇ ಇರುವ ಊರುಗಳ ಬಾವಿ ಬೇಸಿಗೆಯಲ್ಲಿ ತಳ ಕಾಣುತ್ತದೆ. ಗುಡ್ಡದ ಬಾವಿಗೆ ಹಿನ್ನೀರಿನಿಂದ ನೀರು ಹತ್ತಿ ಬರುವುದಿಲ್ಲ, ಗುಡ್ಡದಿಂದಲೇ ಇಳಿದು ಬರಬೇಕು. ಗುಡ್ಡ ಬೋಳಾದರೆ ಎದುರಿಗೆ ನೂರು ಟಿಎಂಸಿ ನಿಂತಿದ್ದರೂ ಕೊಡ ತುಂಬುವುದಿಲ್ಲ. ಟ್ಯಾಂಕರ್ ಬರಬೇಕು. ಬೆಂಗಳೂರಿಗೆ ಕೊಳವೆ ಎಳೆಯುವ ಮಾತು ಈ ಜನರಿಗೆ ಯಾಕೆ ಅಷ್ಟು ನೋವು ಕೊಟ್ಟಿತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಈಗ ಎಲ್ಲಿಗೆ ಬಂದಿದೆ, ಏನು ಮಾಡಬಹುದು

30 ಟಿಎಂಸಿಯ ಮಾತು ತಣ್ಣಗಾಗುವ ಹೊತ್ತಿಗೆ ಇನ್ನೊಂದು ಯೋಜನೆ ಮುಂದೆ ಬಂತು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್. ವಿದ್ಯುತ್ ಹೆಚ್ಚಿರುವಾಗ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಎತ್ತಲು ಹೋಗುವ ಯೂನಿಟ್ ಇಳಿಸಿದಾಗ ಸಿಗುವುದಕ್ಕಿಂತ ಯಾವಾಗಲೂ ಹೆಚ್ಚು. ಸೌರ ವಿದ್ಯುತ್ತನ್ನು ಸಂಜೆಗೆ ಕೂಡಿಡಬೇಕಾದ ಅಗತ್ಯ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸುರಂಗ, ರಸ್ತೆ, ಮಣ್ಣು ಸುರಿಯುವ ಜಾಗ ಎಲ್ಲವೂ ಸಿಂಗಳೀಕ ಅಭಯಾರಣ್ಯದೊಳಗೆ ಅಥವಾ ಅಂಚಿನಲ್ಲಿ ಬರುತ್ತವೆ. ಹನ್ನೆರಡು ತಿಂಗಳೂ ಹರಿಯುವ ಹಳ್ಳಗಳು ಉಳಿದಿರುವುದು ಇಂಥ ಕಾಡಿನಲ್ಲೇ. ಸಂಜೆಯ ವಿದ್ಯುತ್ತಿಗೆ ಬೇರೆ ದಾರಿ ಹುಡುಕಬಹುದು, ಆ ಇಳಿಜಾರನ್ನು ಮತ್ತೆ ಕಟ್ಟಲು ಬರುವುದಿಲ್ಲ. ಅದಕ್ಕಾಗಿ ನಾನು ಈ ಯೋಜನೆಗೆ ವಿರೋಧಿ.

ಊರಿನ ಮಟ್ಟದಲ್ಲಿ ಈಗಲೇ ಶುರು ಮಾಡಬಹುದಾದ ಕೆಲಸ ಒಂದಿದೆ. ಅದು ಹಳ್ಳ ಅಳೆಯುವುದು. ಇದಕ್ಕೆ ದುಡ್ಡು ಬೇಕಾಗಿಲ್ಲ. ಗಟ್ಟಿ ಹಲಗೆಯೊಂದರ ನಡುವೆ 90 ಡಿಗ್ರಿಯ ‘ವಿ’ ಆಕಾರದ ಕಚ್ಚು ಕೊಯ್ಯಿರಿ. ಕಟ್ಟ ಕಟ್ಟುವ ಹಾಗೆಯೇ ಹಲಗೆಯನ್ನು ಹಳ್ಳಕ್ಕೆ ಅಡ್ಡ ನಿಲ್ಲಿಸಿ, ಬದಿಗೆ ಜೇಡಿಮಣ್ಣು ಮೆತ್ತಿ, ನೀರೆಲ್ಲ ಕಚ್ಚಿನಿಂದಲೇ ಬೀಳುವಂತೆ ಮಾಡಿ. ಹಲಗೆಯಿಂದ ಒಂದು ಮಾರು ಹಿಂದೆ ಅಳತೆಗೋಲು ನೆಟ್ಟು, ಕಚ್ಚಿನ ಕೆಳತುದಿಯಿಂದ ನೀರು ಎಷ್ಟು ಸೆಂಟಿಮೀಟರ್ ಮೇಲಿದೆ ನೋಡಿ. 10 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, ದಿನಕ್ಕೆ ಸುಮಾರು ಮೂರೂಮುಕ್ಕಾಲು ಲಕ್ಷ ಲೀಟರ್. 5 ಸೆಂಟಿಮೀಟರಿಗೆ ಇಳಿದರೆ ನೀರು ಅರ್ಧ ಆಗುವುದಿಲ್ಲ, ಆರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ ಅಷ್ಟೇ, ದಿನಕ್ಕೆ 67,000 ಲೀಟರ್. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 550 ಅಡಿಕೆ ಮರ, ಮರಕ್ಕೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ ಎಕರೆಗೆ 11,000 ಲೀಟರ್ ಬೇಕು. ಮೊದಲಿನ ಹರಿವು 34 ಎಕರೆ ನಡೆಸುತ್ತಿತ್ತು. ಈಗಿನದ್ದು ಆರು ಎಕರೆ, ಅದೂ ಹಳ್ಳದ ಮೀನಿಗೆ, ಏಡಿಗೆ, ಕೆಳಗಿನ ಊರಿಗೆ ಒಂದು ಹನಿಯೂ ಬಿಡದಿದ್ದರೆ. ಕಣ್ಣಿಗೆ ಬರೀ ಅರ್ಧ ಇಳಿದಂತೆ ಕಾಣುತ್ತದೆ. ಜಗಳ ಶುರುವಾಗುವುದು ಇಲ್ಲೇ.

ಈ ಅಳತೆಯನ್ನು ಪ್ರೌಢಶಾಲೆಯ ಮಕ್ಕಳು ವಾರಕ್ಕೊಮ್ಮೆ ಬರೆದಿಡಬಹುದು. ಎರಡು ಹಳ್ಳ ಆರಿಸಿಕೊಳ್ಳಿ, ಒಂದು ಕಾನಿನಿಂದ ಇಳಿಯುವುದು, ಇನ್ನೊಂದು ಅಕೇಶಿಯಾ ಅಥವಾ ಬೋಳುಗುಡ್ಡದಿಂದ ಇಳಿಯುವುದು. ಮೂರ್ನಾಲ್ಕು ಬೇಸಿಗೆ ಬರೆದರೆ ಪಂಚಾಯ್ತಿಯ ಕೈಯಲ್ಲಿ ಯಾವ ಯೋಜನಾ ವರದಿಯಲ್ಲೂ ಇಲ್ಲದ ದಾಖಲೆ ಇರುತ್ತದೆ. ಅಕೇಶಿಯಾ ಕಡಿದ ಜಾಗದಲ್ಲಿ ಮತ್ತೆ ಅಕೇಶಿಯಾ ನೆಡದೆ ಸಹಜ ಕಾಡು ಎದ್ದು ಬರಲು ಬಿಡಿ ಎಂದು ಅರಣ್ಯ ಇಲಾಖೆಗೆ ಗ್ರಾಮಸಭೆಯ ನಿರ್ಣಯ ಕಳಿಸುವಾಗ ಆ ಪುಸ್ತಕವನ್ನೂ ಲಗತ್ತಿಸಬಹುದು.

ಮತ್ತೆ ಶರಾವತಿಯಿಂದ ನೀರೆತ್ತುವ ವರದಿ ಮೇಜಿಗೆ ಬಂದಾಗ ಕೇಳಬೇಕಾದ ಪುಟವೂ ಇದೇ. ಜಲಾಶಯಕ್ಕೆ ಬರುವ ಹಳ್ಳಗಳಲ್ಲಿ ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ ಹರಿವು ಎಷ್ಟು? ಜಲಾಶಯ ತುಂಬದ ವರ್ಷ ಯಾರಿಗೆ ಮೊದಲು ನೀರು ನಿಲ್ಲಿಸುತ್ತೀರಿ, ಹಿನ್ನೀರಿನ ಊರಿಗೋ, ಟರ್ಬೈನಿಗೋ, ಬೆಂಗಳೂರಿನ ಕೊಳವೆಗೋ? ಅಳಿವೆಯಲ್ಲಿ ಉಪ್ಪು ಯಾವ ತಿಂಗಳು ಎಷ್ಟಿರಬೇಕು? ಈ ಪುಟ ಇಲ್ಲದ ವರದಿಯ ಮೇಲೆ ಸಾರ್ವಜನಿಕ ಅಹವಾಲು ನಡೆಸಲು ಒಪ್ಪಬಾರದು.